ಮುರಿದ ಪೆಡಲು, ಸೀಮೆಸುಣ್ಣದ ಗೆರೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಅವನ ಅಜ್ಜ ಓಡಿಸುತ್ತಿದ್ದ 1960ರ ದಶಕದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದು ಮನೆಯ ಹಿಂದಿನ ತೋಟದಲ್ಲಿ ಎಷ್ಟೋ ವರ್ಷಗಳಿಂದ ಮಳೆಗೆ ನೆನೆಯುತ್ತ ನಿಂತಿತ್ತು. ಅದನ್ನು ಮತ್ತೆ ಚಾಲನೆಗೆ ತರಬೇಕೆಂಬ ಹಂಬಲ ಅವನಿಗೆ. ಇಂಜಿನ್ನು ಹೇಗೋ ಜೀವ ಪಡೆಯಿತಂತೆ. ಆದರೆ ಮೊದಲ ಸಲ ಕ್ಲಚ್ಚನ್ನು ಒತ್ತಿದಾಗಲೇ ಪೆಡಲು ಬುಡದಲ್ಲಿ ಮುರಿದು ಕೈಗೆ ಬಂದಿತಂತೆ. "ವೆಲ್ಡಿಂಗ್ ಮಾಡಿಸಬಹುದೇ ಸರ್, ಅಥವಾ ಗುಜರಿಯಲ್ಲಿ ಹುಡುಕಲೇ?" ಎಂದು ಕೇಳಿದ. ನಾನು ವಿಜ್ಞಾನದ ಮೇಷ್ಟ್ರಾಗಿದ್ದೆನೇ ಹೊರತು ಮೆಕ್ಯಾನಿಕ್ ಅಲ್ಲ. ಆದರೂ ಈ ಪ್ರಶ್ನೆಯನ್ನು ಅವನು ನನ್ನಲ್ಲಿಯೇ ಕೇಳಿದ್ದಕ್ಕೆ ಕಾರಣವಿದೆ. ಹತ್ತನೆಯ ತರಗತಿಯಲ್ಲಿ ಸೀಮೆಎಣ್ಣೆ ಮತ್ತು ಸೀಮೆಸುಣ್ಣಗಳಿಂದ ಕಬ್ಬಿಣದ ತುಂಡಿನಲ್ಲಿ ಕಣ್ಣಿಗೆ ಕಾಣದ ಬಿರುಕನ್ನು ಹುಡುಕಿ ತೋರಿಸುತ್ತಿದ್ದೆನಲ್ಲ, ಅದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಪಠ್ಯಪುಸ್ತಕದಲ್ಲಿ ಇಲ್ಲದ ಆ ಪ್ರಯೋಗವನ್ನು ಪ್ರತಿವರ್ಷವೂ ತಪ್ಪದೆ ಏಕೆ ಮಾಡಿಸುತ್ತಿದ್ದೆನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ.

1961ರ ಏಪ್ರಿಲ್. ನನಗೆ ಹದಿಮೂರು ವರ್ಷ. ನನ್ನ ಸೋದರಮಾವನ ಬಳಿ ಒಂದು ಹಳೆಯ ಷೆವರ್ಲೆ ಲಾರಿಯಿತ್ತು. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿನಲ್ಲಿ ಮಾರಿದ ವಾಹನಗಳಲ್ಲಿ ಅದೂ ಒಂದು. ನಮ್ಮ ಕಡೆ ಅವನ್ನು 'ಡಿಸ್ಪೋಸಲ್ ಲಾರಿ' ಎನ್ನುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಕಾಮನ್‌ವೆಲ್ತ್ ಸೇನೆಗಳಿಗಾಗಿ ಕೆನಡಾ ದೇಶವೊಂದೇ ಎಂಟು ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಯಾರಿಸಿತ್ತು. ಫೋರ್ಡ್ ಮತ್ತು ಷೆವರ್ಲೆ ಎಂಬ ಅಮೆರಿಕದ ಹೆಸರುಗಳಿದ್ದರೂ ಸ್ಟಿಯರಿಂಗ್ ಬಲಗಡೆಗೆ ಇದ್ದದ್ದು ಆ ಕಾರಣಕ್ಕೆ. ಮೊಂಡು ಮೂಗಿನ, ಮುಖದ ಮೇಲೆ ಜರಡಿ ಕಟ್ಟಿದಂತಿದ್ದ ಆ ಲಾರಿಗಳು ಬರ್ಮಾ ಗಡಿಯಲ್ಲಿ ಓಡಿ, ಆಮೇಲೆ ನಮ್ಮ ಮಲೆನಾಡಿನಲ್ಲಿ ಮರವನ್ನೂ ಕಾಫಿಯನ್ನೂ ಹೊತ್ತವು. ಮಾವನ ಲಾರಿ ಎಲ್ಲೆಲ್ಲಿ ಓಡಿತ್ತೋ ದೇವರಿಗೇ ಗೊತ್ತು. ಹಸಿರು ಬಣ್ಣವನ್ನು ಕೆರೆದರೆ ಅದರಡಿಯಲ್ಲಿ ಮರಳಿನ ಬಣ್ಣವೂ ಕಾಣುತ್ತಿತ್ತು.

ಬೇಸಿಗೆ ರಜೆಯಲ್ಲಿ ನನ್ನನ್ನು ಮಂಗಳೂರಿಗೆ ಕರೆದೊಯ್ದು ಸಮುದ್ರ ತೋರಿಸುವುದಾಗಿ ಮಾವ ಮಾತು ಕೊಟ್ಟಿದ್ದ. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೊಡ್ಡ ನೀರು ನಮ್ಮೂರಿನ ಕೆರೆ. ಮೂಡಿಗೆರೆಯ ಸಮೀಪದ ತೋಟವೊಂದರಲ್ಲಿ ಕಾಫಿ ಮೂಟೆಗಳನ್ನು ತುಂಬಿ, ಚಾರ್ಮಾಡಿ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ತಲುಪಿಸುವುದು ಅವನ ಬಾಡಿಗೆ. ಆ ದಿನಗಳಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ. ಎಲ್ಲವೂ ಕಾಫಿ ಮಂಡಳಿಯ ಪೂಲಿಗೆ ಹೋಗಬೇಕು. ಬೇಲೂರಿನಿಂದ ಬೆಳಗಿನ ಜಾವ ಖಾಲಿ ಲಾರಿಯಲ್ಲಿ ಹೊರಟೆವು: ಮಾವ, ನಾನು, ಮತ್ತು ನನಗಿಂತ ಮೂರು ವರ್ಷ ದೊಡ್ಡವನಾದ ಕ್ಲೀನರ್ ಹುಡುಗ.

ದಾರಿಯ ಮಧ್ಯದ ಏರೊಂದರಲ್ಲಿ ಗೇರ್ ಇಳಿಸಲೆಂದು ಮಾವ ಎಡಗಾಲನ್ನು ಒತ್ತಿದ. 'ಟಕ್' ಎಂಬ ಸಣ್ಣ ಸದ್ದು. ಕಾಲು ನೇರವಾಗಿ ಹಲಗೆಗೆ ತಗುಲಿತು. ಕ್ಲಚ್ ಪೆಡಲು ಪಾದವಿಡುವ ಭಾಗದಿಂದ ನಾಲ್ಕು ಅಂಗುಲ ಕೆಳಗೆ ಮುರಿದು ಮೂಲೆಗೆ ಉರುಳಿತ್ತು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ಪೆಡಲುಗಳ ವಿಷಯ ಹೇಳಬೇಕು. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ಇಂದು ಕಾರು ಓಡಿಸುವವರೆಲ್ಲರಿಗೂ ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್ ಎಂಬುದು ಹುಟ್ಟಿನಿಂದಲೇ ಬಂದ ಕ್ರಮವೆಂಬಂತೆ ತೋರುತ್ತದೆ. ಹಾಗೇನೂ ಇಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಮೂರು ಪೆಡಲುಗಳಿದ್ದವು, ನಿಜ. ಆದರೆ ಎಡಗಡೆಯದು ಗೇರಿನ ಪೆಡಲು, ನಡುವಿನದು ಹಿಮ್ಮುಖ ಚಲನೆಗೆ, ಬಲಗಡೆಯದು ಬ್ರೇಕು. ಎಡ ಪೆಡಲನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು, ಅರ್ಧದಲ್ಲಿ ಹಿಡಿದರೆ ನ್ಯೂಟ್ರಲ್. ಆಕ್ಸಿಲರೇಟರ್ ಇದ್ದದ್ದು ಕೈಯಲ್ಲಿ, ಸ್ಟಿಯರಿಂಗಿನ ಕೆಳಗಿನ ಸಣ್ಣ ಹಿಡಿಯಾಗಿ. 1917ರಿಂದ ಬಂದ ಅದೇ ಕಂಪನಿಯ ಒಂದು ಟನ್ನಿನ ಲಾರಿಯಲ್ಲಿಯೂ ಇದೇ ವ್ಯವಸ್ಥೆ. ಇಂದಿನ ಚಾಲಕನನ್ನು ಅದರಲ್ಲಿ ಕೂರಿಸಿದರೆ ಬ್ರೇಕೆಂದು ಹಿಮ್ಮುಖದ ಪೆಡಲನ್ನು ತುಳಿಯುವುದು ಖಂಡಿತ. ನಾವು ಇಂದು ಬಳಸುವ ಕ್ರಮ 1916ರ ಕ್ಯಾಡಿಲಾಕ್ ಕಾರಿನಲ್ಲಿ ಕಾಣಿಸಿಕೊಂಡು, 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಪುಟ್ಟ ಇಂಗ್ಲಿಷ್ ಕಾರಿನ ಮೂಲಕ ಮನೆಮಾತಾಯಿತು.

ಪೆಡಲೆಂದರೆ ಬೇರೇನೂ ಅಲ್ಲ, ನಾನು ನಿಮಗೆ ಕಲಿಸಿದ ಸನ್ನೆಗೋಲು. ಪಾದದಿಂದ ತಿರುಗುಕೀಲಿನವರೆಗೆ ಹನ್ನೆರಡು ಅಂಗುಲ, ಕೀಲಿನಿಂದ ಸರಳಿನವರೆಗೆ ಎರಡು ಅಂಗುಲವೆಂದು ಇಟ್ಟುಕೊಳ್ಳಿ. ಮೂವತ್ತು ಕಿಲೋ ಬಲದಿಂದ ತುಳಿದರೆ ಆಚೆ ತುದಿಯಲ್ಲಿ ನೂರೆಂಬತ್ತು ಕಿಲೋ. ಕ್ಲಚ್ಚಿನೊಳಗಿನ ಬಲವಾದ ಸ್ಪ್ರಿಂಗುಗಳನ್ನು ಮನುಷ್ಯನ ಒಂದು ಕಾಲು ಅದುಮಲು ಸಾಧ್ಯವಾಗುವುದು ಹೀಗೆ. ಹಳೆಯ ಲಾರಿಗಳಲ್ಲಿ ಕೀಲು ಇರುತ್ತಿದ್ದುದು ಚಾಲಕನ ಕಾಲಡಿಯ ಹಲಗೆಯ ಕೆಳಗೆ. ಹಲಗೆಯಲ್ಲಿ ಕೊರೆದ ಸೀಳಿನ ಮೂಲಕ ಪೆಡಲಿನ ತೋಳು ಬಾಗಿ ಮೇಲೆ ಬರುತ್ತಿತ್ತು. ಕೆಸರು, ನೀರು, ಧೂಳು ಎಲ್ಲವೂ ಆ ಬಾಗಿನ ಮೇಲೆಯೇ. ಬಾಗಿರುವ ಜಾಗವೇ ಬಲ ಹೆಚ್ಚು ತಿನ್ನುವ ಜಾಗ ಕೂಡ.

ಇನ್ನು ಸಿಂಕ್ರೋಮೆಶ್ ಎಂಬ, ಗೇರುಗಳನ್ನು ಸದ್ದಿಲ್ಲದೆ ಜೋಡಿಸುವ ಉಪಾಯವು 1928ರಲ್ಲಿಯೇ ಕ್ಯಾಡಿಲಾಕ್ ಕಾರುಗಳಿಗೆ ಬಂದಿದ್ದರೂ ಸೈನ್ಯದ ಲಾರಿಗಳಿಗೆ ಆ ಭಾಗ್ಯವಿರಲಿಲ್ಲ. ಪ್ರತಿ ಗೇರಿಗೂ ಕ್ಲಚ್ಚನ್ನು ಎರಡು ಸಲ ಒತ್ತಬೇಕು: ಒಮ್ಮೆ ನ್ಯೂಟ್ರಲ್ಲಿಗೆ ತರಲು, ಇನ್ನೊಮ್ಮೆ ಮುಂದಿನ ಗೇರಿಗೆ ಹಾಕಲು. ಇದನ್ನೇ ಚಾಲಕರು 'ಡಬಲ್ ಕ್ಲಚ್' ಎನ್ನುತ್ತಿದ್ದುದು. ಮಲೆನಾಡಿನ ಅಂಕುಡೊಂಕು ರಸ್ತೆಯಲ್ಲಿ ದಿನಕ್ಕೆ ಮುನ್ನೂರು ಸಲ ಒತ್ತಿದರೂ, ವರ್ಷಕ್ಕೆ ಇನ್ನೂರೈವತ್ತು ದಿನದಂತೆ ಹದಿನೆಂಟು ವರ್ಷಕ್ಕೆ ಹದಿಮೂರೂವರೆ ಲಕ್ಷ ಸಲ. ಈ ಲೆಕ್ಕವನ್ನು ಮುಂದೆ ಬಹಳ ವರ್ಷಗಳ ಮೇಲೆ ಮಾಡಿದೆ. ಅಂದು ಅಷ್ಟೆಲ್ಲ ತೋಚಲಿಲ್ಲ.

ಮಾವ ಹೆದರುವವನಲ್ಲ. ಇಂಜಿನ್ ನಿಲ್ಲಿಸಿ, ಲಾರಿಯನ್ನು ಹಿಂದಕ್ಕೆ ಜಾರಿಸಿ ಅಡ್ಡ ತಿರುಗಿಸಿಕೊಂಡು, ಇಳಿಜಾರಿನಲ್ಲಿ ಉರುಳಲು ಬಿಟ್ಟು, ಎರಡನೆಯ ಗೇರಿಗೆ ಹಾಕಿದ. ಎಳೆತಕ್ಕೆ ಇಂಜಿನ್ನು ಚಾಲೂ ಆಯಿತು. ಆಮೇಲೆ ಕ್ಲಚ್ಚಿಲ್ಲದೆಯೇ, ಇಂಜಿನ್ನಿನ ದನಿಗೆ ಕಿವಿಗೊಟ್ಟು, ಅದು ಗೇರಿನ ವೇಗಕ್ಕೆ ಹೊಂದಿದ ಕ್ಷಣದಲ್ಲಿ ಕೋಲನ್ನು ಮೆಲ್ಲನೆ ನೂಕುತ್ತ ಓಡಿಸಿದ. ಸಂಗೀತಗಾರ ಶ್ರುತಿ ಹಿಡಿಯುವ ಹಾಗೆ. ಒಮ್ಮೆ ಮಾತ್ರ ಗೇರ್ ಪೆಟ್ಟಿಗೆ ಕಿರ್ರೆಂದು ಕಿರುಚಿತು. ಆಗ ಮಾವ ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಹಿಂದಿನ ಹಳ್ಳಿಯಲ್ಲಿ ಒಬ್ಬ ಕಮ್ಮಾರನ ಕುಲುಮೆಯಿತ್ತು. ಅಲ್ಲಿಗೆ ತಲುಪಿದೆವು.

"ಹೊಸ ಪೆಡಲು ಕೊಂಡರಾಗದೇ ಮಾವ?" ಎಂದು ಕೇಳಿದ್ದಕ್ಕೆ ಅವನು ನಕ್ಕ. ಆ ನಗುವಿನ ಅರ್ಥ ತಿಳಿಯಲು ನಾನು ಇತಿಹಾಸ ಓದಬೇಕಾಯಿತು. ಜನರಲ್ ಮೋಟಾರ್ಸ್ ಕಂಪನಿ 1928ರಿಂದಲೇ ಮುಂಬಯಿಯಲ್ಲಿ ಷೆವರ್ಲೆ ವಾಹನಗಳನ್ನು ಜೋಡಿಸುತ್ತಿತ್ತು. ಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಬರುತ್ತಿದ್ದವು, ಇಲ್ಲಿ ತಿರುಪು ಬಿಗಿಯುವುದಷ್ಟೇ ಕೆಲಸ. ಸ್ವಾತಂತ್ರ್ಯ ಬಂದ ಮೇಲೆ ಇದು ನಡೆಯದೆಂದು ಸರ್ಕಾರ ತೀರ್ಮಾನಿಸಿತು. 1953ರಲ್ಲಿ ಸುಂಕ ಆಯೋಗದ ಸಲಹೆಯಂತೆ, ಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವೆಂದಾಯಿತು. ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿತು. ಫೋರ್ಡ್ ಸಹ ಹೊರಟುಹೋಯಿತು. ಅದೇ 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾದವರ ಟೆಲ್ಕೋ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆಗೂಡಿ ಲಾರಿ ತಯಾರಿಸತೊಡಗಿತು. ಮದ್ರಾಸಿನಲ್ಲಿ ಅಶೋಕ್ ಲೇಲ್ಯಾಂಡ್ ತಲೆಯೆತ್ತಿತು. ದೇಶಕ್ಕೆ ಒಳ್ಳೆಯದೇ ಆಯಿತೆಂದು ನಾನು ಈಗಲೂ ನಂಬುತ್ತೇನೆ. ಆದರೆ 1957ರ ಸುಮಾರಿಗೆ ವಿದೇಶಿ ವಿನಿಮಯದ ಬರ ಬಂದು ಆಮದು ಇನ್ನಷ್ಟು ಬಿಗಿಯಾದಾಗ, ನನ್ನ ಮಾವನಂತಹವರ ಹಳೆಯ ಲಾರಿಗಳು ತಾಯಿಯಿಲ್ಲದ ಮಕ್ಕಳಂತಾದವು. ಹೊಸ ಟಾಟಾ ಕೊಳ್ಳಲು ಹಣವಿಲ್ಲ, ಹಳೆಯ ಷೆವರ್ಲೆಗೆ ಬಿಡಿಭಾಗವಿಲ್ಲ. ಒಂದು ಲಾರಿ ಸತ್ತರೆ ಅದರ ಅಂಗಾಂಗಗಳಿಂದ ಹತ್ತು ಲಾರಿ ಬದುಕುತ್ತಿದ್ದವು.

ಒಂದು ಉಪಕಥೆ. ಈ ದೇಶದಲ್ಲಿ ಮೋಟಾರು ತಯಾರಿಸುವ ಕನಸನ್ನು ಮೊದಲು ಗಟ್ಟಿಯಾಗಿ ಕಂಡವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. 1930ರ ದಶಕದ ನಡುವಿನಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಸುತ್ತಿ ಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಿಚಿತ್ರವೆಂದರೆ, ಮೋಟಾರು ಕಾರ್ಖಾನೆ ಬಾರದ ಬೆಂಗಳೂರಿಗೆ ಅದೇ ವಾಲಚಂದರ ಮೂಲಕ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ಬಂದಿತು. ಅಂದು ಆ ಯೋಜನೆ ಫಲಿಸಿದ್ದರೆ ಬೇಲೂರಿನ ಆಚೆ ಮುರಿದ ಪೆಡಲಿಗೆ ಬದಲಿ ಸಿಗುತ್ತಿತ್ತೇ ಎಂದು ಯೋಚಿಸುವುದು ವ್ಯರ್ಥ, ಆದರೂ ಯೋಚಿಸುತ್ತೇನೆ.

ಕಮ್ಮಾರ ಮುದುಕ. ನೇಗಿಲು, ಕತ್ತಿ, ಗಾಡಿಯ ಪಟ್ಟಿಗಳಲ್ಲಿ ಕೈ ಪಳಗಿದವನು. ಮುರಿದ ತುಂಡನ್ನು ನೋಡಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಲಾರಿ ಸ್ಪ್ರಿಂಗಿನ ಪ್ಲೇಟೊಂದನ್ನು ತೆಗೆದ. ಕ್ಲೀನರ್ ಹುಡುಗ ತಿದಿ ಒತ್ತಿದ. ಕೆಂಪಾದ ಪ್ಲೇಟನ್ನು ಬಡಿದು, ಬಗ್ಗಿಸಿ, ತೂತು ಹೊಡೆದು, ತೊಟ್ಟಿಯ ನೀರಿಗೆ ಸುಂಯ್ ಎಂದು ಅದ್ದಿದ. ಹಳೆಯ ಮೋಟಿನ ಮೇಲೆ ಅದನ್ನಿಟ್ಟು ಎರಡು ಬೋಲ್ಟುಗಳಿಂದ ಬಿಗಿದ. "ಇದು ಮುರಿಯೋದಿಲ್ಲ ಸ್ವಾಮಿ, ಸ್ಪ್ರಿಂಗು" ಎಂದ. ನೋಡಲು ಬಹಳ ಚೆನ್ನಾಗಿತ್ತು. ಐದಾರು ಮೈಲಿ ಹೋಗುವುದರೊಳಗೆ ಗಾಜಿನಂತೆ ಎರಡಾಯಿತು.

ಅವನನ್ನು ಹಳಿಯಲಾರೆ. ಸ್ಪ್ರಿಂಗಿನ ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಅದು ಅತಿ ಗಡುಸಾಗುತ್ತದೆ, ಗಡುಸಾದಷ್ಟೂ ಬೆಳಸು. ಮತ್ತೆ ಹಿತವಾಗಿ ಕಾಯಿಸಿ ಹದ ಬರಿಸಬೇಕು. ಕತ್ತಿಯ ಅಲಗಿಗೆ ಹದ ಕೊಡಲು ಅವನಿಗೆ ತಿಳಿದೇ ಇತ್ತು. ಆದರೆ ಲಾರಿಯ ಉಕ್ಕು ಅವನ ಹಳ್ಳಿಯ ಕಬ್ಬಿಣವಲ್ಲ, ನಮಗೋ ಅವಸರ.

ಮತ್ತೆ ಕ್ಲಚ್ಚಿಲ್ಲದೆ ಮೂಡಿಗೆರೆ ತಲುಪಿದಾಗ ಮಧ್ಯಾಹ್ನ. ಅಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡುವ ಒಬ್ಬರಿದ್ದರು. ತೋಟಗಳ ಪಲ್ಪಿಂಗ್ ಯಂತ್ರಗಳ ರಿಪೇರಿಯೇ ಅವರ ಮುಖ್ಯ ಕಸುಬು. ನೀರಿಗೆ ಕಾರ್ಬೈಡ್ ಕಲ್ಲು ಹಾಕಿ ಅಸಿಟಿಲೀನ್ ಅನಿಲ ತಯಾರಿಸುವ ಡ್ರಮ್ಮು ಅಂಗಡಿಯ ಮುಂದಿತ್ತು. ಬೆಳ್ಳುಳ್ಳಿ ಕೊಳೆತಂತಹ ಆ ವಾಸನೆ ನನಗೆ ಇಂದಿಗೂ ಮರೆತಿಲ್ಲ. ಅವರು ಕಮ್ಮಾರನ ಕೆಲಸವನ್ನು ಪಕ್ಕಕ್ಕಿಟ್ಟು, ಮೊದಲು ಮುರಿದಿದ್ದ ಅಸಲಿ ಪೆಡಲಿನ ಎರಡು ತುಂಡುಗಳನ್ನು ಬೆಳಕಿಗೆ ಹಿಡಿದರು. ನನ್ನನ್ನು ಹತ್ತಿರ ಕರೆದರು.

"ನೋಡು ಮರಿ, ಇಲ್ಲಿ ಎರಡು ಬಣ್ಣ ಇದೆ."

ನಿಜ. ಮುರಿದ ಮೈಯ ಮುಕ್ಕಾಲು ಭಾಗ ಕಪ್ಪು ಕಂದು, ನುಣುಪು, ಒಳಗೆ ಮರದ ಉಂಗುರಗಳಂತಹ ನವಿರು ಗೆರೆಗಳು. ಉಳಿದ ಕಾಲು ಭಾಗ ಮುರಿದ ಬೆಲ್ಲದಂತೆ ಹರಳು ಹರಳಾಗಿ ಹೊಳೆಯುತ್ತಿತ್ತು.

"ಹೊಳೆಯುವುದಷ್ಟೇ ಇವತ್ತು ಮುರಿದದ್ದು. ಕಪ್ಪಗಿರುವುದು ಎಷ್ಟೋ ವರ್ಷದಿಂದ ದಿನಾ ಸ್ವಲ್ಪ ಸ್ವಲ್ಪ ಮುರೀತಾ ಇತ್ತು. ನಿಮ್ಮ ಮಾವನ ಕಾಲಿನ ಕೆಳಗೇನೇ."

ನಮ್ಮ ಮೆಕ್ಯಾನಿಕ್ಕರು ಇದಕ್ಕೆ 'ಕಬ್ಬಿಣ ಸತ್ತುಹೋಗಿದೆ' ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ದೊಡ್ಡ ದೊಡ್ಡ ಇಂಜಿನಿಯರುಗಳೂ ಹೆಚ್ಚುಕಡಿಮೆ ಹೀಗೆಯೇ ಭಾವಿಸಿದ್ದರು. ಅಲುಗಾಟದಿಂದ ಕಬ್ಬಿಣದ ನಾರೆಲ್ಲ ಹರಳಾಗಿ ಬದಲಾಗುತ್ತದೆ ಎಂಬುದು ಅವರ ಊಹೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಇಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿತು. ದಕ್ಷಿಣ ಧ್ರುವದ ಕಡಲುಗಳನ್ನು ಸುತ್ತಿ ಬದುಕಿ ಬಂದಿದ್ದ ನಾವಿಕ ದ್ಯುಮಾಂ ದ್ಯುರ್ವಿಲ್ ಹೆಂಡತಿ ಮಗನೊಡನೆ ಆ ಬೋಗಿಯಲ್ಲಿ ಸುಟ್ಟುಹೋದ. ಮರುವರ್ಷವೇ ರಾಂಕಿನ್ ಎಂಬ ಸ್ಕಾಟ್ಲೆಂಡಿನ ಯುವಕ ಇಂಜಿನಿಯರು, ಅಚ್ಚುಗಳು ಮುರಿಯುವುದು ಹರಳಾಗುವುದರಿಂದಲ್ಲ, ಮೂಲೆಗಳಲ್ಲಿ ಹುಟ್ಟಿದ ಸಣ್ಣ ಬಿರುಕು ಕ್ರಮೇಣ ಒಳಕ್ಕೆ ಹರಿಯುವುದರಿಂದ ಎಂದು ವಾದಿಸಿದ. ಆಮೇಲೆ ಜರ್ಮನಿಯ ರೈಲ್ವೆ ಇಂಜಿನಿಯರ್ ಆಗಸ್ಟ್ ವೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ತಿರುಗಿಸಿ ಪರೀಕ್ಷಿಸಿದ. ಒಂದು ಸಲಕ್ಕೆ ಏನೂ ಮಾಡದ ಸಣ್ಣ ಭಾರವೇ ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನು ಮುರಿಯಬಲ್ಲದು ಎಂದು ತೋರಿಸಿಕೊಟ್ಟ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಮೂಡಿಗೆರೆಯ ಆ ಮನುಷ್ಯ ವೋಲರನ ಹೆಸರನ್ನು ಕೇಳಿರಲಾರರು. ಆದರೆ ವೋಲರ್ ಕಂಡದ್ದನ್ನು ಅವರೂ ಕಂಡಿದ್ದರು.

ಅವರು ಕೆಲಸ ಮಾಡಿದ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ಕಾಲಡಿಯ ಹಲಗೆಗಳನ್ನು ಬಿಚ್ಚಿ, ಕೀಲಿನಿಂದ ಮೋಟನ್ನು ಹೊರತೆಗೆದರು. ಎರಡೂ ತುಂಡುಗಳ ಮುರಿದ ಮೈಯನ್ನು ಅರದಿಂದ ಉಜ್ಜಿ, ಕಪ್ಪು ಬಣ್ಣ ಸಂಪೂರ್ಣ ಹೋಗುವವರೆಗೆ ಬಿಡಲಿಲ್ಲ. ಅಂಚುಗಳನ್ನು ಎರಡೂ ಕಡೆಯಿಂದ ಇಳಿಜಾರು ಮಾಡಿ ನಡುವೆ ಕಣಿವೆಯಂತೆ ಜಾಗ ಬಿಟ್ಟರು. ಬೆಸುಗೆ ಮೇಲೆ ಮೇಲೆ ಕೂರದೆ ಬುಡದಿಂದ ತುಂಬಿಕೊಂಡು ಬರಬೇಕಲ್ಲ. ಎರಡು ತುಂಡುಗಳನ್ನು ಕಬ್ಬಿಣದ ಮಣೆಯ ಮೇಲೆ ಅಸಲಿ ಬಾಗು ಬರುವಂತೆ ಕಟ್ಟಿ, ಸುತ್ತಲೂ ಬೆಂಕಿಯುಣಿಸಿ, ಆಮೇಲೆ ಕಡ್ಡಿ ಕರಗಿಸಿ ತುಂಬಿದರು. ಬಾಗಿನ ಎರಡು ಪಕ್ಕಕ್ಕೂ ಮೆದು ಉಕ್ಕಿನ ಪಟ್ಟಿಯೊಂದೊಂದನ್ನು ಸೇರಿಸಿದರು. ಆಮೇಲೆ ನೀರಿಗೆ ಹಾಕಲಿಲ್ಲ. ಬಿಸಿ ಬೂದಿಯಲ್ಲಿ ಹೂತು, "ಊಟ ಮಾಡಿಕೊಂಡು ಬನ್ನಿ" ಎಂದರು.

ಊಟ ಮುಗಿಸಿ ಬಂದ ಮೇಲೆ ನನಗೆ ಆ ವಿದ್ಯೆ ತೋರಿಸಿದರು. ತಣ್ಣಗಾದ ಪೆಡಲಿನ ಮೇಲೆ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರು. ಬಟ್ಟೆಯಿಂದ ಚೆನ್ನಾಗಿ ಒರೆಸಿದರು. ಅದರ ಮೇಲೆ ಸೀಮೆಸುಣ್ಣವನ್ನು ಪುಡಿಮಾಡಿ ಉಜ್ಜಿದರು. ಎಲ್ಲಿಯಾದರೂ ಬಿರುಕಿದ್ದರೆ ಒಳಗೆ ಇಂಗಿದ ಎಣ್ಣೆ ಮೆಲ್ಲನೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಗೆರೆ ಮೂಡಲಿಲ್ಲ. (ಎರಡೂ 'ಸೀಮೆ'ಯಿಂದ ಬಂದ ವಸ್ತುಗಳೆಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದುದು ನೆನಪಿದೆಯೇ?) ಉಳಿದ ಸೀಮೆಸುಣ್ಣದ ತುಂಡನ್ನು ನನ್ನ ಕೈಗಿತ್ತರು.

ಮಾವ ಹಣ ಕೊಡುವಾಗ ಅವರು ಒಂದು ಮಾತು ಹೇಳಿದರು: "ಕ್ಲಚ್ ಆದ್ದರಿಂದ ಮಾಡಿಕೊಟ್ಟೆ ಯಜಮಾನರೇ. ಇದು ಮತ್ತೆ ಮುರಿದರೆ ನೀವು ದಾರೀಲಿ ನಿಲ್ತೀರಿ, ಅಷ್ಟೇ. ಬ್ರೇಕಿನದಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ."

ಆ ರಾತ್ರಿ ತೋಟದ ಗೋದಾಮಿನ ಮುಂದೆ ಮೂಟೆ ಹೇರುತ್ತಿದ್ದರು. ಹಲಗೆಗಳನ್ನು ಇನ್ನೂ ಬಿಗಿದಿರಲಿಲ್ಲ. ಹೊಸದಾಗಿ ಕಲಿತ ವಿದ್ಯೆ ಯಾವ ಹುಡುಗನನ್ನು ಸುಮ್ಮನಿರಿಸುತ್ತದೆ? ಲಾಟೀನಿನಿಂದ ನಾಲ್ಕು ಹನಿ ಎಣ್ಣೆ ಬಸಿದುಕೊಂಡು ನಾನು ಬ್ರೇಕ್ ಪೆಡಲಿನ ಬಾಗಿಗೆ ಸವರಿದೆ. ಒರೆಸಿದೆ. ಸೀಮೆಸುಣ್ಣ ಉಜ್ಜಿದೆ. ಲಾಟೀನನ್ನು ಹತ್ತಿರ ಹಿಡಿದು ನೋಡುತ್ತಿದ್ದಂತೆ, ಬಿಳಿಯ ಮೇಲೆ ಕೂದಲಿನಷ್ಟು ತೆಳುವಾದ ಒಂದು ಗೆರೆ ನಿಧಾನವಾಗಿ, ಬಾಗಿನ ಒಳಮಗ್ಗುಲಿನಿಂದ ಅರ್ಧ ಸುತ್ತಿನವರೆಗೆ ಮೂಡಿತು.

ನಾನು ಹೇಳಲಿಲ್ಲ.

ಏಕೆಂದು ಕೇಳಿದರೆ ಉತ್ತರ ಬಹಳ ಚಿಕ್ಕದು. ಹೇಳಿದರೆ ಮಾವ ಲಾರಿ ನಿಲ್ಲಿಸುತ್ತಾನೆ. ಪೆಡಲು ಸಿಗಲು ವಾರವಾಗಬಹುದು. ನನ್ನನ್ನು ಬಸ್ಸು ಹತ್ತಿಸಿ ಊರಿಗೆ ಕಳುಹಿಸುತ್ತಾನೆ. ಸಮುದ್ರ ಇನ್ನು ಒಂದೇ ದಿನದ ದೂರದಲ್ಲಿತ್ತು. ಬೆಳಿಗ್ಗೆ ಹೇಳೋಣವೆಂದುಕೊಂಡು ಮೂಟೆಗಳ ಮೇಲೆ ಮಲಗಿದೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹಲಗೆಗಳನ್ನು ಬಿಗಿದಾಗಿತ್ತು, ಇಂಜಿನ್ನು ಚಾಲೂ ಆಗಿತ್ತು.

ಕೊಟ್ಟಿಗೆಹಾರ ದಾಟಿದ ಮೇಲೆ ಘಟ್ಟದ ಇಳಿಜಾರು ಆರಂಭ. ನಾನು ಒಂದೊಂದು ತಿರುವಿಗೂ ಮಾವನ ಬಲಗಾಲನ್ನೇ ನೋಡುತ್ತ ಕುಳಿತಿದ್ದೆ. ಅವನು ಎರಡನೆಯ ಗೇರಿನಲ್ಲಿಯೇ ಇಳಿಸುತ್ತಿದ್ದ, ಬ್ರೇಕನ್ನು ಎಂದಿಗಿಂತ ಕಡಿಮೆ ಬಳಸುತ್ತಿದ್ದ. ಘಟ್ಟದಲ್ಲಿ ಅನುಭವಸ್ಥರು ಹಾಗೆಯೇ ಇಳಿಸುತ್ತಾರೆಂದು ಸಮಾಧಾನಪಟ್ಟುಕೊಂಡೆ. ಅರ್ಧ ಘಟ್ಟ ಇಳಿದಿರಬಹುದು. ತಿರುವಿನಲ್ಲಿ ಎದುರಿಗೆ ಬಸ್ಸೊಂದು ಬಂದಿತು. ಮಾವ ಬ್ರೇಕನ್ನು ಬಲವಾಗಿ ಒತ್ತಿದ. ಅದೇ ಸಣ್ಣ ಸದ್ದು. ಟಕ್.

ಆ ಲಾರಿಯ ಬ್ರೇಕು ಹೈಡ್ರಾಲಿಕ್. ದ್ರವದ ಒತ್ತಡದಿಂದ ಬ್ರೇಕು ಹಿಡಿಸುವ ಈ ವಿಧಾನವನ್ನು ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕನ್ ರೂಪಿಸಿದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ಅದನ್ನು ನಾಲ್ಕೂ ಚಕ್ರಗಳಿಗೆ ಅಳವಡಿಸಿತು. ಎಂತಹ ಚತುರ ವ್ಯವಸ್ಥೆಯಾದರೇನು, ಎಲ್ಲವೂ ಮೊದಲಾಗುವುದು ಆ ಒಂದು ತೋಳಿನಿಂದ. ಅದು ಹೋದರೆ ಪೈಪುಗಳ ತುಂಬ ಎಣ್ಣೆ ಇದ್ದೂ ಪ್ರಯೋಜನವಿಲ್ಲ.

ಮಾವ ಹ್ಯಾಂಡ್ ಬ್ರೇಕನ್ನು ಎರಡೂ ಕೈಗಳಿಂದ ಎಳೆದು, ಗೇರನ್ನು ಬಿಡದೆ, ಲಾರಿಯನ್ನು ಎಡಗಡೆಯ ಗುಡ್ಡದ ಕಡೆಗೆ ಒತ್ತಿದ. ಬಸ್ಸು ಕೂದಲೆಳೆಯಷ್ಟರಲ್ಲಿ ದಾಟಿತು. ಲಾರಿ ನಿಧಾನವಾಯಿತು, ನಿಲ್ಲಲಿಲ್ಲ. ಕ್ಲೀನರ್ ಹುಡುಗ ಯಾರೂ ಹೇಳುವ ಮೊದಲೇ ಕೆಳಗೆ ಹಾರಿ, ರಸ್ತೆಯಂಚಿನ ಕಲ್ಲೊಂದನ್ನೆತ್ತಿ ಮುಂದಿನ ಚಕ್ರದಡಿ ಕೊಟ್ಟ. ಅದು ಜಾರಿತು. ಮತ್ತೊಂದು ಕೊಟ್ಟ. ಚಕ್ರ ಅದರ ಮೇಲೆ ಹತ್ತಿ ನಿಂತಿತು. ನಿಂತಿತೆಂದು ನಾವು ಉಸಿರು ಬಿಡುವಾಗ ಅವನು ಕೂಗುತ್ತಿದ್ದ. ಕಲ್ಲು ಹೊರಳಿದಾಗ ಅವನ ಎಡಗೈ ಅದರಡಿ ಸಿಕ್ಕಿತ್ತು.

ಹಿಂದೆ ಬಂದ ಜೀಪಿನವರು ಅವನನ್ನೂ ಮಾವನನ್ನೂ ಘಟ್ಟದ ಕೆಳಗಿನ ಆಸ್ಪತ್ರೆಗೆ ಕರೆದೊಯ್ದರು. ನಾನು ಸಂಜೆಯವರೆಗೆ ಮೂಟೆಗಳ ಕಾವಲಿಗೆ ಕುಳಿತಿದ್ದೆ. ಆ ಹೊತ್ತಿನಲ್ಲಿ ಮುರಿದ ಪೆಡಲನ್ನು ಎತ್ತಿ ನೋಡಿದೆ. ಎರಡು ಬಣ್ಣ. ಅರ್ಧಕ್ಕಿಂತ ಹೆಚ್ಚು ಕಪ್ಪು.

ಅವನ ಎರಡು ಬೆರಳು ಹೋದವು. ನಾನು ಆ ಸಲ ಸಮುದ್ರ ನೋಡಲಿಲ್ಲ. ನೋಡಿದ್ದು 1969ರಲ್ಲಿ, ಶಿಕ್ಷಕರ ತರಬೇತಿಯ ಪ್ರವಾಸದಲ್ಲಿ. ಮಾವ ಆ ವರ್ಷದ ಮಳೆಗಾಲಕ್ಕೆ ಮೊದಲೇ ಲಾರಿಯನ್ನು ಗುಜರಿಗೆ ಮಾರಿ, ಬಂದ ಹಣದಲ್ಲಿ ಹೆಚ್ಚಿನ ಪಾಲನ್ನು ಆ ಹುಡುಗನ ಮನೆಗೆ ಕೊಟ್ಟು, ಬೇರೆಯವರ ಲಾರಿಗೆ ಡ್ರೈವರ್ ಆದ. ಹುಡುಗನನ್ನು ಜೊತೆಯಲ್ಲಿಯೇ ಇಟ್ಟುಕೊಂಡು ಡ್ರೈವಿಂಗ್ ಕಲಿಸಿದ. ಉಳಿದ ಮೂರು ಬೆರಳುಗಳಲ್ಲಿ ಸ್ಟಿಯರಿಂಗ್ ಹಿಡಿದು ಅವನು ಮೂವತ್ತು ವರ್ಷ ಲಾರಿ ಓಡಿಸಿದ.

1984ರಲ್ಲಿ ಮಾವ ಹಾಸಿಗೆ ಹಿಡಿದಾಗ ಒಂದು ಸಂಜೆ ಧೈರ್ಯ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಸುಣ್ಣ ಬಳಿದಿದ್ದೆಯಲ್ಲ ಅಳಿಯಾ, ನನಗೆ ಕಾಣಲಿಲ್ಲ ಎಂದುಕೊಂಡೆಯಾ? ಬೆಳಿಗ್ಗೆ ಹಲಗೆ ಬಿಗಿಯುವಾಗ ನೋಡಿದೆ. ನಾನೇ ಒರೆಸಿಹಾಕಿದೆ" ಎಂದ. ಮೂಟೆ ಹೇರಿಯಾಗಿತ್ತು, ಮುಂಗಡ ತೆಗೆದುಕೊಂಡಾಗಿತ್ತು, ಇದೊಂದು ಸಲ ನಿಧಾನವಾಗಿ ಇಳಿಸಿಬಿಡೋಣ ಎಂದುಕೊಂಡನಂತೆ.

ಗೆರೆಯನ್ನು ನೋಡಿದವರು ಇಬ್ಬರು. ಬೆರಳು ಕಳೆದುಕೊಂಡವನು ಮೂರನೆಯವನು. ಅವನಿಗೆ ನಮ್ಮಿಬ್ಬರಲ್ಲಿ ಯಾರೂ ಹೇಳಲಿಲ್ಲ. ಎರಡು ವರ್ಷಗಳ ಹಿಂದೆ ಅವನು ತೀರಿಕೊಂಡ. ಅವನ ಮಗಳು ನನ್ನ ವಿದ್ಯಾರ್ಥಿನಿ, ಈ ಪುಟವನ್ನು ಓದುವವಳು. ಅವಳಿಗೆ ತಿಳಿಯದಂತೆ ಇದನ್ನು ಬರೆಯುವುದು ಸರಿಯಲ್ಲವೆನಿಸಿ ಮೊನ್ನೆ ಅವಳ ಮನೆಗೆ ಹೋಗಿ ಹೇಳಿದೆ. ಅವಳು ಕೇಳಿಸಿಕೊಂಡಳು. ಕಾಫಿ ತಂದುಕೊಟ್ಟಳು. ನಾನು ಹೊರಡುವಾಗ, "ಅಪ್ಪ ಇದ್ದಾಗಲೇ ಹೇಳಬೇಕಿತ್ತು ಸರ್. ಬರೆಯಿರಿ" ಎಂದಳು.

ಇನ್ನು ಬೆಂಗಳೂರಿನ ಹುಡುಗನ ಲಾರಿಯ ವಿಷಯ. ಕ್ಲಚ್ ಪೆಡಲಿನ ಮುರಿದ ಮೈಯ ಚಿತ್ರ ಕಳುಹಿಸುವಂತೆ ಹೇಳಿದೆ, ಕಳುಹಿಸಿದ. ಪೂರ್ತಿ ತುಕ್ಕು, ಹೊಳೆಯುವ ಭಾಗ ಬೆರಳಿನುಗುರಿನಷ್ಟು. ಹಳೆಯ ಮೈಯನ್ನೆಲ್ಲ ಉಜ್ಜಿ ತೆಗೆದು, ಬುಡದಿಂದ ತುಂಬುವವರಲ್ಲಿ ಬೆಸುಗೆ ಹಾಕಿಸಬಹುದು, ಪಕ್ಕಪಟ್ಟಿಯಿರಲಿ, ನೀರಿಗೆ ಅದ್ದಗೊಡಬೇಡ ಎಂದಿದ್ದೇನೆ. ಮರ್ಸಿಡಿಸ್ ಜೊತೆಗಿನ ಒಪ್ಪಂದ 1969ರಲ್ಲಿ ಮುಗಿದರೂ ಅದೇ ಅಚ್ಚಿನ ಲಾರಿಗಳು ಟಾಟಾ ಹೆಸರಿನಲ್ಲಿ ಬಹಳ ಕಾಲ ಓಡಿದ್ದರಿಂದ ಗುಜರಿಯಲ್ಲಿ ಹುಡುಕಿದರೆ ಒಳ್ಳೆಯ ಪೆಡಲು ಸಿಕ್ಕೀತು. ಸಿಕ್ಕರೆ ಅದಕ್ಕೂ ಮೊದಲು ಸೀಮೆಸುಣ್ಣ ಹಚ್ಚಬೇಕು. ಈಗ ಬಣ್ಣದ ದ್ರವ ಸಿಂಪಡಿಸಿ ಬಿರುಕು ಹುಡುಕುವ ಡಬ್ಬಿಗಳೇ ಅಂಗಡಿಯಲ್ಲಿ ದೊರೆಯುತ್ತವೆ, ಅದಾದರೆ ಇನ್ನೂ ಉತ್ತಮ.

ಹಾಗೆಯೇ ಬ್ರೇಕ್ ಪೆಡಲನ್ನೂ ಪರೀಕ್ಷಿಸಲು ಹೇಳಿದ್ದೆ. ನಿನ್ನೆ ರಾತ್ರಿ ಚಿತ್ರ ಬಂದಿದೆ. ಬಾಗಿನ ತುಂಬ ಬಿಳಿ ಪುಡಿ, ಗೆರೆಯೇನೂ ಕಾಣುವುದಿಲ್ಲ. ನಾನು ಕನ್ನಡಕ ಬದಲಿಸಿ, ಚಿತ್ರವನ್ನು ದೊಡ್ಡದು ಮಾಡಿ, ಮೂರು ಸಲ ನೋಡಿದೆ. ಬೆಳಿಗ್ಗೆ ಇನ್ನೊಂದು ಮಗ್ಗುಲಿನ ಚಿತ್ರವನ್ನೂ ಕಳುಹಿಸುವಂತೆ ಬರೆದಿದ್ದೇನೆ.